ಊರು ಯಾವುದು?

ಕಳೆದ ವರ್ಷ ಒಂದು ಕಚೇರಿಯಲ್ಲಿ ಗುಮಾಸ್ತರು ನಮ್ಮ ಅಬ್ಬಾಗೆ, "ನಿಮ್ಮ ಮೂಲ ಊರು ಯಾವುದು?" ಎಂದು ಕೇಳಿದರು.

"ಸೂಪಾ."

"ಅದಕ್ಕೆ ದಾಖಲೆ?"

ಅಬ್ಬಾ ನಮ್ಮ ಮುಖ ನೋಡಿದರು. ಹಳೆಯ ಸೂಪಾ 1980ರ ದಶಕದಲ್ಲೇ ಕಾಳಿ ನದಿಯ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು, ನಾವು ದಾಂಡೇಲಿಗೆ ಬಂದೆವು. ಈಗ ಊರು ತೋರಿಸಿ ಎಂದರೆ ನಾವು ನೀರನ್ನೇ ತೋರಿಸಬೇಕು.

ಆ ರಾತ್ರಿ ಕರೆಂಟು ಹೋಗಿತ್ತು. ಎಲ್ಲರೂ ಅಂಗಳದಲ್ಲಿ ಕುಳಿತಿದ್ದೆವು. ಭೌತಶಾಸ್ತ್ರ ಓದುತ್ತಿರುವ ಮಗಳು ಆಕಾಶದತ್ತ ಕೈಮಾಡಿ, "ದಾದಾ, ಅಲ್ಲಿಂದ ಬರುವವಕ್ಕೂ ಊರಿನ ದಾಖಲೆ ಇಲ್ಲ" ಎಂದಳು. ಅವಳು ಹೇಳಿದ್ದು ವಿಶ್ವಕಿರಣಗಳ ಬಗ್ಗೆ.

ಹೆಸರು ಕಿರಣವಾದರೂ ಅವು ಬೆಳಕಲ್ಲ. ಹೆಚ್ಚಿನವು ಬೆಳಕಿನ ವೇಗದ ಹತ್ತಿರ ಓಡುವ ಪರಮಾಣು ಬೀಜಗಳು. ಅವು ನಮ್ಮ ಗಾಳಿಗೆ ಬಡಿದು ಹುಟ್ಟಿಸುವ ಕಣಗಳನ್ನು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು ಅಳೆದಿದ್ದರು.

ಆಕಾಶಗಂಗೆಯ ಕಾಂತಕ್ಷೇತ್ರ ಈ ಬೀಜಗಳ ದಾರಿಯನ್ನು ಬಾಗಿಸುತ್ತಲೇ ಇರುತ್ತದೆ. ಹಾಗಾಗಿ ಬಂದ ದಿಕ್ಕನ್ನು ನೋಡಿ ಅವುಗಳ ಊರು ಹೇಳಲಾಗದು. ವಿಜ್ಞಾನಿಗಳು ತೂಕ ನೋಡುತ್ತಾರೆ. ಒಂದೇ ಧಾತುವಿನ ಪರಮಾಣುಗಳಲ್ಲಿ ತೂಕ ಬೇರೆ ಬೇರೆ ಇರುವುದುಂಟು. ಅವೇ ಐಸೋಟೋಪುಗಳು. 1997ರಲ್ಲಿ ಅಮೆರಿಕ ಹಾರಿಸಿದ ಏಸ್ ನೌಕೆ ಅವನ್ನು ತೂಗಿ ನೋಡಿತು. ದಾರಿಯಲ್ಲಿ ಹುಟ್ಟುವ ಬೆರಿಲಿಯಂ-10 ಸುಮಾರು 14 ಲಕ್ಷ ವರ್ಷಕ್ಕೆ ಅರ್ಧದಷ್ಟು ಕ್ಷಯಿಸುತ್ತದೆ. ಅದು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿ, ಈ ಪಯಣಿಗರು ಸುಮಾರು ಒಂದೂವರೆ ಕೋಟಿ ವರ್ಷ ಅಲೆದಿದ್ದಾರೆಂದು ತಿಳಿದರು. ನಿಯಾನ್-20ಕ್ಕೆ ಹೋಲಿಸಿದರೆ ನಿಯಾನ್-22ರ ಪ್ರಮಾಣ ಸೂರ್ಯನಲ್ಲಿರುವುದರ ಸುಮಾರು ಐದು ಪಟ್ಟು ಇತ್ತು. ಅದು ಭಾರೀ ನಕ್ಷತ್ರಗಳು ಗುಂಪಾಗಿ ಹುಟ್ಟಿ ಸಾಯುವ ಕೇರಿಗಳತ್ತ ಬೆರಳು ತೋರಿಸಿತು. 2016ರಲ್ಲಿ ಕಬ್ಬಿಣ-60ರ ಹದಿನೈದು ಬೀಜಗಳು ಸಿಕ್ಕ ಸುದ್ದಿ ಪ್ರಕಟವಾಯಿತು. ಅದರ ಅರ್ಧಾಯುಷ್ಯ ಸುಮಾರು 26 ಲಕ್ಷ ವರ್ಷ. ಅಷ್ಟರೊಳಗೆ ನಮ್ಮನ್ನು ತಲುಪಿದೆಯೆಂದರೆ ಅದು ಹುಟ್ಟಿದ ನಕ್ಷತ್ರ ಬಹಳ ದೂರದ್ದಲ್ಲ.

"ಅಂದರೆ ಕಾಗದ ಇಲ್ಲದಿದ್ದರೂ ಗೊತ್ತಾಗುತ್ತದೆ" ಎಂದರು ಅಬ್ಬಾ. ಮತ್ತೇನೂ ಹೇಳಲಿಲ್ಲ.

ನಡುರಾತ್ರಿ ಬಾಯಾರಿ ಅವರು ಕೂಗಿದ್ದು ಕೇಳಿಸಿತು: "ಉದಾಕ್!"

ನಮ್ಮ ಮನೆಯಲ್ಲಿ ಎಲ್ಲರೂ ಪಾನಿ ಎನ್ನುತ್ತೇವೆ. ಉದಾಕ್ ಸೂಪಾದ ನೆರೆಮನೆಯವರ ಕೊಂಕಣಿ ಮಾತು, ಅಬ್ಬಾ ಬಾಲ್ಯದಲ್ಲಿ ಕಲಿತದ್ದು. ಅರ್ಥ ಒಂದೇ, ತೂಕ ಬೇರೆ. ಅದನ್ನು ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯದೆ, ನಾವು ಎದ್ದು ನೀರು ಕೊಟ್ಟೆವು.