ಉರಿಯೂತದ ಮೇಲೆ ನನಗೇಕೆ ಇಷ್ಟು ಆಸೆ

ಅಮ್ಮನದು ಅಲ್ಜೈಮರ್‌ನ ಆರಂಭದ ಹಂತ ಎಂದು ಗೊತ್ತಾದಾಗಿನಿಂದ ಮಿದುಳಿನ ಉರಿಯೂತದ ಬಗ್ಗೆ ಏನು ಸಿಕ್ಕರೂ ಓದುತ್ತೇನೆ. ಅದೇ ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸವೆದದ್ದು ತಿರುಗಿ ಬರುವುದಿಲ್ಲ, ಬಾವು ಮಾತ್ರ ಮಾತ್ರೆಗೆ ಇಳಿಯುತ್ತದೆ ಎಂಬ ನಂಬಿಕೆ ನನ್ನದು. ಅಷ್ಟೇ ಕಾರಣ.

ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಹಿಪೊಕ್ಯಾಂಪಸ್ ತೋರಿಸಿದ್ದರು. ಹೊಸ ನೆನಪನ್ನು ಹಿಡಿದಿಡುವ ಆ ಭಾಗ ಕುಗ್ಗಿ, ಪಕ್ಕದ ದ್ರವದ ಕಪ್ಪು ಜಾಗ ಅಗಲವಾಗಿತ್ತು. ವಯಸ್ಸಾದಂತೆ ಎಲ್ಲರಲ್ಲೂ ಅದು ಒಂದಿಷ್ಟು ಕುಗ್ಗುತ್ತದೆ. ಈ ಕಾಯಿಲೆಯಲ್ಲಿ ಬೇಗ ಕುಗ್ಗುತ್ತದೆ. ಮನೆಯಲ್ಲಿ ಅಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಹುಡುಕುವಷ್ಟರಲ್ಲಿ ಮರೆತು, ಅದೇ ಎಲೆಗೆ ಮತ್ತೆ ಸುಣ್ಣ ಹಚ್ಚುತ್ತಾಳೆ. ಬಾಯಿ ಸುಟ್ಟಾಗ, “ಈ ಸಲದ ಸುಣ್ಣ ಸರಿಯಿಲ್ಲ ಕಣೇ” ಅನ್ನುತ್ತಾಳೆ.

ಉರಿಯೂತದ ವಿಷಯ ನನ್ನ ಆಸೆಯಷ್ಟು ಸರಳವಾಗಿಲ್ಲ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಅಮಿಲಾಯ್ಡ್ ಪ್ರೊಟೀನಿನ ಗಡ್ಡೆಗಳನ್ನು ಸುತ್ತುವರಿದು ತಡೆಯುತ್ತವೆ. ಕೆರಳಿಯೇ ಉಳಿದರೆ ನರಕೋಶಗಳ ಬೆಸುಗೆಗಳನ್ನೂ ಹಾಳುಮಾಡುತ್ತವೆ. ಈ ಕೋಶಗಳ ಕೆಲಸವನ್ನು ಕುಂದಿಸುವ ಟ್ರೆಮ್2 ಜೀನಿನ ಬದಲಾವಣೆ ಇದ್ದವರಿಗೆ ಕಾಯಿಲೆಯ ಅಪಾಯ ಹೆಚ್ಚೆಂದು 2013ರಲ್ಲಿ ಪ್ರಕಟವಾಯಿತು. ಅಂದರೆ ಕಾವಲು ಸಡಿಲವಾದರೂ ಕಷ್ಟವೇ. ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಎಂಬ ಉರಿಯೂತದ ಮಾತ್ರೆಗಳನ್ನು ವಯಸ್ಸಾದವರಿಗೆ ಕೊಟ್ಟು ಅಮೆರಿಕದಲ್ಲಿ ನಡೆಸಿದ ಪ್ರಯೋಗದಲ್ಲಿ ಕಾಯಿಲೆ ತಡೆಯಲಾಗಲಿಲ್ಲ. ಅದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ನಿದ್ದೆಗೆಡಿಸಿದ ಇನ್ನೊಂದು ಸಂಗತಿಯೂ ಇದೆ. ಮಿದುಳಿನ ಆಸ್ಟ್ರೋಸೈಟ್ ಕೋಶಗಳು ಕೆರಳಿದಾಗ ರಕ್ತದಲ್ಲಿ ಜಿಎಫ್‌ಎಪಿ ಎಂಬ ಪ್ರೊಟೀನು ಏರುತ್ತದೆ. ಮರೆವು ಕಾಣಿಸುವ ಎಷ್ಟೋ ವರ್ಷ ಮೊದಲೇ ಏರಬಹುದು. ಇದನ್ನು ಓದಿದಾಗ ನಾನು ಮೊದಲು ಯೋಚಿಸಿದ್ದು ನನ್ನ ರಕ್ತದ ಬಗ್ಗೆ. ಅಮ್ಮನಿಗಾಗಿ ಓದುತ್ತಿದ್ದೇನೆ ಎಂದುಕೊಂಡಿದ್ದ ಓದಿನಲ್ಲಿ ನನ್ನ ಭಯದ ಪಾಲು ಎಷ್ಟು ದೊಡ್ಡದಿದೆ ಎಂದು ಆಗ ಕಂಡಿತು. ಆ ಭಯವನ್ನು ತಪ್ಪೆನ್ನಲಾರೆ. ಬಚ್ಚಿಡಲೂ ಇಷ್ಟವಿಲ್ಲ.

ಪರೀಕ್ಷೆ ಈಗಲೇ ಮಾಡಿಸುವುದಿಲ್ಲ. ತಲೆಗೆ ಪೆಟ್ಟಾದಾಗಲೂ ಏರುವ ಪ್ರೊಟೀನು ಅದು. ಅದೊಂದನ್ನೇ ನೋಡಿ ನನ್ನ ನಾಳೆಯನ್ನು ಯಾರೂ ಹೇಳಲಾರರು. ಆದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ದೀರ್ಘ ಅಧ್ಯಯನಕ್ಕೆ ರಕ್ತ ಕೊಡುತ್ತಿದ್ದಾರೆ, ಎಂಆರ್‌ಐ ಮಾಡಿಸಿಕೊಳ್ಳುತ್ತಿದ್ದಾರೆ. ಅಂಥದ್ದಕ್ಕೆ ನನ್ನನ್ನು ಕರೆದರೆ ಹೋಗುತ್ತೇನೆ. ಫಲಿತಾಂಶ ನನಗೆ ಹೇಳಬೇಕೆಂದು ಕೇಳುವುದಿಲ್ಲ.