ಎಡೆದೊರೆ ನಾಡಿನ ಆಕಾಶಮಾರ್ಗ

ಭೂಪಟವೊಂದನ್ನು ಮುಂದೆ ಹರಡಿಕೊಂಡು ಕಲಬುರಗಿಯ ವಿಮಾನನಿಲ್ದಾಣದಿಂದ ಬೆಂಗಳೂರಿನ ನಿಲ್ದಾಣದವರೆಗೆ ನೇರವಾಗಿ ಒಂದು ಗೆರೆ ಎಳೆದರೆ, ಅದು ಕೃಷ್ಣೆಯನ್ನು ದಾಟಿ, ರಾಯಚೂರನ್ನು ಎಡಗಡೆಗೂ ದೇವದುರ್ಗ, ಮಾನ್ವಿಗಳನ್ನು ಬಲಗಡೆಗೂ ಬಿಟ್ಟು, ತುಂಗಭದ್ರೆಯ ಮೇಲೆ ಹಾಯ್ದು ದಕ್ಷಿಣಕ್ಕೆ ಸಾಗುತ್ತದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಹಳೆಯ ದೇಗುಲಗಳು ಹೆಚ್ಚುಕಡಿಮೆ ಆ ಗೆರೆಯ ಕೆಳಗೇ ಬರುತ್ತವೆ. 2019ರ ನವೆಂಬರ್ 22ರಂದು ಕಲಬುರಗಿಯಿಂದ ಬೆಂಗಳೂರಿಗೆ ವಿಮಾನಸಂಚಾರ ಆರಂಭವಾದಾಗ ಈ ಗೆರೆಗೆ ಒಂದು ಅರ್ಥ ಬಂದಿತು. ಆದರೆ ಆ ವಿಮಾನವನ್ನೇರಬಯಸಿದ ದೇವದುರ್ಗದವನು ಮೊದಲು ನೂರು ಕಿಲೋಮೀಟರಿಗೂ ಮಿಕ್ಕಿ ಉತ್ತರಕ್ಕೆ ಪಯಣಿಸಿ, ಅಲ್ಲಿಂದ ಮೇಲೇರಿ, ತನ್ನ ಸೀಮೆಯ ನೆತ್ತಿಯ ಮೇಲೆಯೇ ದಕ್ಷಿಣಕ್ಕೆ ಮರಳಬೇಕಾಗಿತ್ತು. ಮನೆಯ ಮಾಳಿಗೆಯ ಮೇಲೆ ಹಾಯುವ ಬಂಡಿಯನ್ನು ಹತ್ತಲು ಪರಊರಿಗೆ ಹೋಗಬೇಕೆಂದರೆ ಹೇಗೋ, ಇದೂ ಹಾಗೆಯೇ.

ಎರಡು ಹೊಳೆಗಳ ನಡುವಣ ಈ ಸೀಮೆಗೆ ಹಿಂದಿನವರು ‘ಎಡೆದೊರೆ’ ಎಂದು ಹೆಸರಿಟ್ಟಿದ್ದರು. ಇದಕ್ಕಾಗಿ ಅರಸರು ಕಾದಾಡಿದ್ದಕ್ಕೆ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನಿಂದ ರಾಯಚೂರನ್ನು ಗೆದ್ದುಕೊಂಡದ್ದು ಅವುಗಳಲ್ಲಿ ಪ್ರಸಿದ್ಧವಾದುದು. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದವಾದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನವೂ, ಅಂತಹ ಬಂಡೆಯನ್ನು ಬಂಡಿಯ ಮೇಲೆ ಹೇರಿ ಸಾಲುಸಾಲು ಕೋಣಗಳಿಂದ ಎಳೆಸಿ ತಂದ ಬಗೆಯನ್ನು ತೋರುವ ರೇಖಾಚಿತ್ರವೂ ಉಂಟು. ಸಾಗಾಣಿಕೆಯ ಕಷ್ಟವನ್ನು ಹೀಗೆ ಕಲ್ಲಿನಲ್ಲಿಯೇ ಬರೆದಿಟ್ಟ ಊರುಗಳು ವಿರಳ.

ರೈಲಿನ ಯುಗದಲ್ಲಿ ರಾಯಚೂರಿನ ಭಾಗ್ಯ ತೆರೆಯಿತು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೈಕೂಡಿಸಿದ್ದು ಇಲ್ಲಿಯೇ. ಇಂಡಿಯಾದ ಎರಡು ಮಹಾನಗರಗಳ ನಡುವೆ ಓಡಾಡುವವರಿಗೆಲ್ಲ ರಾಯಚೂರಿನ ಹೆಸರು ಅಂದಿನಿಂದ ಪರಿಚಿತವಾಯಿತು.

ವಿಮಾನಗಳು ಮಾತ್ರ ಈ ಸೀಮೆಯ ಅಕ್ಕಪಕ್ಕದಲ್ಲಿಯೇ ಇಳಿಯುತ್ತ ಬಂದವು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತ ಪುಟ್ಟ ವಿಮಾನವನ್ನು ನಡೆಸಿ ತಂದರು. ಅಲ್ಲಿಂದ ಮುಂದೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಮದರಾಸಿಗೆ ಹೊರಟಾಗ ನಡುವೆ ತಂಗಿದ್ದು ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ತುಂಗಭದ್ರೆಯ ಈಚೆಯ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು. ಆ ರಾಜ್ಯಕ್ಕೂ 1940ರ ದಶಕದಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ತನ್ನದೇ ಆದ ಕಂಪೆನಿಯಾಯಿತು. ಅದರ ಡಕೋಟಾ ವಿಮಾನಗಳು ಹೈದರಾಬಾದಿನ ಬೇಗಂಪೇಟೆಯಿಂದ ಮೇಲೇರುತ್ತಿದ್ದವು. 1953ರಲ್ಲಿ ಅದು ಉಳಿದ ಖಾಸಗಿ ಕಂಪೆನಿಗಳೊಡನೆ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಮೂರು ವರ್ಷಗಳ ತರುವಾಯ, 1956ರಲ್ಲಿ, ರಾಯಚೂರು ಕನ್ನಡ ರಾಜ್ಯವನ್ನು ಕೂಡಿಕೊಂಡಿತು. ರಾಜಧಾನಿ ಬದಲಾಯಿತು, ವಿಮಾನಕ್ಕೆ ಮಾತ್ರ ಜನ ಹೈದರಾಬಾದಿನ ಹಾದಿಯನ್ನೇ ಹಿಡಿಯುತ್ತಿದ್ದರು.

ಇಂದಿಗೂ ಬಹುಮಟ್ಟಿಗೆ ಹಾಗೆಯೇ. ದೆಹಲಿಗೆ ಬೆಳಗಿನ ವಿಮಾನ ಹಿಡಿಯಬೇಕಾದ ಮಾನ್ವಿಯ ವೃದ್ಧ ದಂಪತಿಗಳ ಪಯಣವನ್ನು ಊಹಿಸಬಹುದು. ಮಾನ್ವಿಯಿಂದ ರಾಯಚೂರಿಗೆ ನಲವತ್ತೈದು ಕಿಲೋಮೀಟರು; ಅಲ್ಲಿಂದ ದೇವಸೂಗೂರಿನ ಬಳಿ ಕೃಷ್ಣೆಯನ್ನು ದಾಟಿ ಮಹಬೂಬ್‌ನಗರದ ಮೇಲೆ ಶಂಷಾಬಾದಿಗೆ ಇನ್ನೂರು ಕಿಲೋಮೀಟರಿಗೆ ಸಮೀಪ. ವಿಮಾನ ಹೊರಡುವ ಎರಡು ಗಂಟೆ ಮೊದಲೇ ಅಲ್ಲಿರಬೇಕಾದುದರಿಂದ ಮನೆ ಬಿಡುವುದು ನಡುರಾತ್ರಿಯಲ್ಲಿ. ಆಕಾಶದಲ್ಲಿ ಎರಡು ಗಂಟೆಯಲ್ಲಿ ದೆಹಲಿ. ಆ ಎರಡು ಗಂಟೆಯ ಸೌಕರ್ಯಕ್ಕೆ ನೆಲದ ಮೇಲೆ ಒಂದು ರಾತ್ರಿಯ ನಿದ್ರೆ ತೆರಿಗೆ.

ಸಾಮಾನು ಕಟ್ಟುವುದು ಮತ್ತೊಂದು ಅಧ್ಯಾಯ. ಬಸ್ಸಿಗೂ ರೈಲಿಗೂ ಒಗ್ಗಿದ ಕೈಗಳಿಗೆ ಪೆಟ್ಟಿಗೆಗೆ ಹದಿನೈದು ಕಿಲೋ, ಕೈಚೀಲಕ್ಕೆ ಏಳು ಕಿಲೋ ಎಂಬ ಲೆಕ್ಕ ಸುಲಭವಾಗಿ ಹಿಡಿಸುವುದಿಲ್ಲ. ಕಟಿ ರೊಟ್ಟಿ, ಶೇಂಗಾ ಹಿಂಡಿಗಳಿಗೆ ತಕರಾರಿಲ್ಲ. ಒಣಕೊಬ್ಬರಿಯನ್ನು ಮಾತ್ರ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಅದರ ಎಣ್ಣೆ ಬೇಗ ಬೆಂಕಿ ಹಿಡಿಯುತ್ತದೆ. ಎಲೆಯಡಿಕೆಯ ಸಂಚಿಯೊಳಗಿನ ಅಡಕತ್ತರಿ ತಪಾಸಣೆಯವರ ಕಣ್ಣಿಗೆ ಬೀಳದೆ ಇರದು. “ಅವ್ವಾ, ಉಪ್ಪಿನಕಾಯಿ ಕೈಚೀಲದಾಗ ಇಡಬ್ಯಾಡ” ಎಂದು ದೆಹಲಿಯ ಮಗಳು ಫೋನಿನಲ್ಲಿ ಎಷ್ಟು ಸಲ ಹೇಳಿದರೂ, ಚೆಲ್ಲೀತೆಂಬ ಭಯದಿಂದ ತಾಯಿ ಅದನ್ನು ಕೈಚೀಲದಲ್ಲಿಯೇ ಇಟ್ಟಿರುವುದುಂಟು. ವರುಷಕ್ಕೊಮ್ಮೆ ಮಾವಿನಕಾಯಿಯ ದಿನಗಳಲ್ಲಿ ಹಾಕಿದ ಉಪ್ಪಿನಕಾಯಿಯ ಡಬ್ಬಿಯನ್ನು ಅಲ್ಲಿಯ ಬುಟ್ಟಿಗೆ ಒಪ್ಪಿಸಿ ಮುಂದೆ ನಡೆಯುವ ಆ ತಾಯಿಗೆ ಮೊದಲ ವಿಮಾನಯಾನದಲ್ಲಿ ನೆನಪುಳಿಯುವುದು ಮೋಡಗಳಲ್ಲ.

ಇಂತಹ ಜನರನ್ನು ವಿಮಾನದೊಳಗೆ ಕರೆತರಬೇಕೆಂದು ಹೊರಟವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಸೈನ್ಯವನ್ನು ಬಿಟ್ಟು ಬೇಸಾಯ ಹಿಡಿದ ಅವರು 2003ರಲ್ಲಿ ಬೆಂಗಳೂರನ್ನು ನೆಲೆಯಾಗಿಸಿಕೊಂಡು ಏರ್ ಡೆಕ್ಕನ್ ಆರಂಭಿಸಿದರು. ಪುಕ್ಕಟೆ ಊಟವಿಲ್ಲ, ಕೆಲವು ಆಸನಗಳಿಗೆ ಒಂದೇ ರೂಪಾಯಿ ದರ, ಲಾಂಛನವಾಗಿ ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’. ಹುಬ್ಬಳ್ಳಿಯಂತಹ ಊರುಗಳಿಗೆ ಅದು ವಿಮಾನ ತಂದಿತು. ಆದರೆ ನಷ್ಟ ಬೆಳೆದು 2008ರಲ್ಲಿ ಆ ಕಂಪೆನಿ ಕಿಂಗ್‌ಫಿಷರಿನೊಡನೆ ವಿಲೀನವಾಯಿತು. ಕಿಂಗ್‌ಫಿಷರಿನ ಹಾರಾಟವೂ 2012ರಲ್ಲಿ ನಿಂತುಹೋಯಿತು.

ಖಾಸಗಿಯವರಿಗೆ ಸಾಗದುದನ್ನು ಸಾಗಿಸಲು ಕೇಂದ್ರ ಸರಕಾರ 2016ರಲ್ಲಿ ‘ಉಡಾನ್’ ಯೋಜನೆಯನ್ನು ಪ್ರಕಟಿಸಿತು. ಸಣ್ಣ ಊರಿಗೆ ಹಾರುವ ಕಂಪೆನಿ ಸುಮಾರು ಅರ್ಧದಷ್ಟು ಆಸನಗಳನ್ನು ಗಂಟೆಯ ಪಯಣಕ್ಕೆ 2,500 ರೂಪಾಯಿಯ ಆಸುಪಾಸಿನ ದರದಲ್ಲಿ ಮಾರಬೇಕು. ಕೊರತೆಯನ್ನು ಮೂರು ವರ್ಷ ಸರಕಾರ ತುಂಬಿಕೊಡುತ್ತದೆ. ಆ ಅವಧಿಯಲ್ಲಿ ಪ್ರಯಾಣಿಕರು ರೂಢಿಯಾಗುವರೆಂಬುದು ನಿರೀಕ್ಷೆ. ಬೀದರಿನ ಅನುಭವ ಇದಕ್ಕೆ ಎಚ್ಚರಿಕೆಯ ಮಾತನ್ನು ಸೇರಿಸುತ್ತದೆ. ಅಲ್ಲಿ 2020ರ ಫೆಬ್ರುವರಿಯಲ್ಲಿ ವಿಮಾನ ಬಂದಿತು. ಆ ಕಂಪೆನಿ ಹೋಗಿ ಇನ್ನೊಂದು ಬಂದಿತು. 2023ರ ಕೊನೆಗೆ ಅದೂ ನಿಂತು, 2025ರಲ್ಲಿ ಮತ್ತೆ ಆರಂಭವಾಯಿತು. ಬೆಳಗಿನ ವಿಮಾನವನ್ನು ನಂಬಿ ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡವರಿಗೆ ಹೀಗೆ ನಿಂತು ನಡೆಯುವ ವಾಹನದಿಂದ ಪ್ರಯೋಜನವೇನು? ಬಾರದೆ ಇದ್ದ ವಿಮಾನಕ್ಕಿಂತ ಬಂದು ಹೋದ ವಿಮಾನ ಹೆಚ್ಚು ನೋಯಿಸುತ್ತದೆ.

ರಾಯಚೂರಿಗೂ ಈ ಯೋಗ ಬರಲೆಂದು ನಗರದ ಹೊರವಲಯದ ಯರಮರಸ್‌ನಲ್ಲಿ ಸುಮಾರು 400 ಎಕರೆ ನೆಲವನ್ನು ನಿಲ್ದಾಣಕ್ಕೆ ಗುರುತಿಸಲಾಗಿದೆ. ಓಡುದಾರಿ ಹಾಕುವವರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಲೇಬೇಕು. ಒಂದು, ಅದೇ ಯರಮರಸಿನ ಉಷ್ಣವಿದ್ಯುತ್ ಸ್ಥಾವರದ ಮುಗಿಲೆತ್ತರದ ಚಿಮಣಿಗಳು. ಇನ್ನೊಂದು, ಬಿಸಿಲು. ಬೇಸಗೆ, ಕಡುಬೇಸಗೆ ಎಂಬ ಎರಡೇ ಕಾಲಗಳು ತಮ್ಮೂರಿಗೆ ಎಂದು ರಾಯಚೂರಿನವರೇ ನಗೆಯಾಡುತ್ತಾರೆ; ವಿಮಾನಕ್ಕೆ ಅದು ನಗೆಯ ಮಾತಲ್ಲ. ಕಾದ ಗಾಳಿ ತೆಳುವಾದುದರಿಂದ ರೆಕ್ಕೆಗಳಿಗೆ ಆಸರೆ ಕಡಿಮೆ; ಮೇಲೇರಲು ಹೆಚ್ಚು ದೂರ ಓಡಬೇಕು, ಇಲ್ಲವೆ ಹೊರೆ ಇಳಿಸಬೇಕು. ಕಲಬುರಗಿಯ ಓಡುದಾರಿ 3,175 ಮೀಟರು ಉದ್ದವಿದೆ. ರಾಯಚೂರಿನದು ಎಷ್ಟು ಉದ್ದವಾಗುವುದೋ ಅದರ ಮೇಲೆ ಮೇ ತಿಂಗಳ ಮಧ್ಯಾಹ್ನ ಎಷ್ಟು ಜನ ಕುಳಿತು ಹಾರಬಹುದೆಂಬುದು ನಿಂತಿದೆ.

ಜನರಿಗೆ ಕೊರತೆಯಿಲ್ಲ. ಬತ್ತ, ಹತ್ತಿಗಳ ವ್ಯಾಪಾರಿಗಳು, ವಿದ್ಯುತ್ ಸ್ಥಾವರಗಳ ಇಂಜಿನಿಯರುಗಳು, ಕೃಷಿ ವಿಶ್ವವಿದ್ಯಾಲಯದವರು, ಹಜ್ ಯಾತ್ರೆಗೆ ಹೊರಟವರು, ಜಗನ್ನಾಥದಾಸರ ಮಾನ್ವಿಗೆ ದೂರದಿಂದ ಬರುವ ಭಕ್ತರು, ಎಲ್ಲರೂ ಅದನ್ನು ಏರುವರು. ಆದರೆ ಈ ಸೀಮೆಯಿಂದ ಬೆಂಗಳೂರಿಗೆ ಗುಂಪುಗುಂಪಾಗಿ ಹೋಗುವವರು ಬೇರೆಯೇ ಇದ್ದಾರೆ. ಸುಗ್ಗಿ ಮುಗಿದೊಡನೆ ದೇವದುರ್ಗದ ಒಣಭೂಮಿಯ ಹಳ್ಳಿಗಳಿಂದ ಗುಳೆ ಹೊರಡುವ ಕುಟುಂಬಗಳು ಅವು. ಕಾಲುವೆಯ ನೀರು ಬಂದ ಮೇಲೆ ಕೆಲವೆಡೆ ಇದು ಕಡಿಮೆಯಾಗಿದೆಯಾದರೂ ನಿಂತಿಲ್ಲ. 2,500 ರೂಪಾಯಿ ಎಂಬುದು ಆ ಮನೆಗಳಲ್ಲಿ ಹಲವು ದಿನಗಳ ದುಡಿಮೆ. ಸಂಜೆ ದೇವದುರ್ಗದ ಬಸ್‌ನಿಲ್ದಾಣದಲ್ಲಿ ಜೋಳದ ಚೀಲ, ಪಾತ್ರೆಯ ಗಂಟು, ಸಲಿಕೆ, ಕೂಸು ಇವುಗಳೊಡನೆ ಕಾದಿರುವ ಆ ಜನ ರಾತ್ರಿಯೆಲ್ಲ ಕುಳಿತು, ಬೆಳಗಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿಯುತ್ತಾರೆ; ಅಂದೇ ಕೆಲಸಕ್ಕೆ ನಿಲ್ಲುತ್ತಾರೆ.