ಕುದುರೆಮುಖ ಉಳಿಯಿತು, ಸಂಡೂರೂ ಉಳಿಯಲಿ

ಸಂಡೂರಿನ ಬೆಟ್ಟಗಳಿಗೆ ಗಣಿ ಹೊಸದಲ್ಲ. 1954ರಲ್ಲೇ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾಗಿತ್ತು, ಎಪ್ಪತ್ತರ ದಶಕದ ಕೊನೆಗೆ ದೋಣಿಮಲೈಗೆ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಬಂತು. ಆದರೆ ಹೊಸಪೇಟೆಯ ನಾವು ಹುಡುಗರು ಕುಮಾರಸ್ವಾಮಿ ಗುಡಿಗೆ ಹತ್ತುತ್ತಿದ್ದ ಕಾಲಕ್ಕೆ ಗಣಿ ಬೆಟ್ಟದ ಯಾವುದೋ ಮಗ್ಗುಲಲ್ಲಿತ್ತು, ಉಳಿದದ್ದೆಲ್ಲ ಕಾಡು. ಶ್ರಾವಣದಲ್ಲಿ ಮೋಡ ಇಳಿದರೆ ಮುಂದಿನ ತಿರುವೇ ಕಾಣುತ್ತಿರಲಿಲ್ಲ. ಹರಿಶಂಕರ ತೀರ್ಥದಲ್ಲಿ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದೆವು. ಭೈರವ ತೀರ್ಥದಲ್ಲಿ ಬಂಡೆಯ ಮೇಲಿಂದ ಬೀಳುವ ನೀರಿಗೆ ತಲೆಯೊಡ್ಡುತ್ತಿದ್ದೆವು. 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ನೋಡಲು ಜನ ಮುನ್ನಾರಿಗೆ ಹೋಗುತ್ತಾರೆ. ಬಿಸಿಲಿಗೆ ಹೆಸರಾದ ಬಳ್ಳಾರಿ ಜಿಲ್ಲೆಯ ಬೆಟ್ಟದಲ್ಲೂ ಅದು ಇದೆಯೆಂದರೆ ಹೊರಗಿನವರು ನಂಬುವುದೇ ಇಲ್ಲ.

ಚೀನಾಕ್ಕೆ ಅದಿರು ಹೊರಟ ಮೇಲೆ ಎಲ್ಲ ಬದಲಾಯಿತು. ಶೇಂಗಾ ಬೆಳೆಯುತ್ತಿದ್ದ ಹೊಲಗಳನ್ನೇ ಅಗೆದು ಅದಿರು ತೆಗೆದರು. ಸಾಲ ಮಾಡಿ ಲಾರಿ ಕೊಂಡರು. ಹಗಲು ರಾತ್ರಿ ಎನ್ನದೆ ರಸ್ತೆ ತುಂಬ ಲಾರಿಗಳ ಸಾಲು. "ಬಟ್ಟಿ ಹೊರಗ ಹಾಕಬ್ಯಾಡಪಾ, ಕೆಂಪಾಗತಾವು" ಎಂದು ಅವ್ವ ದಿನಾ ಎಚ್ಚರಿಸುತ್ತಿದ್ದಳು. ರಸ್ತೆ ಬದಿಯ ಬೇವಿನ ಎಲೆ ಮಳೆ ಬಂದಾಗ ಮಾತ್ರ ಹಸಿರಾಗುತ್ತಿತ್ತು. ಹಳ್ಳಗಳಲ್ಲಿ ಕೆಂಪು ಕೆಸರು ಹರಿಯಿತು.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ನಿಂತ ಲಾರಿಗಳ ಕಂತು ಕಟ್ಟಲಾರದೆ ಒದ್ದಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಆ ಸಂಕಟ ಸಣ್ಣದಲ್ಲ. ಆದರೂ ಕೋರ್ಟು ಮಾಡಿದ್ದು ಸರಿ ಎಂದೇ ನನ್ನ ಎಣಿಕೆ. ಮುಂದೆ ಗಣಿಗಾರಿಕೆ ಮಿತಿಗಳೊಂದಿಗೆ ಮತ್ತೆ ಶುರುವಾಯಿತು.

ಮತ್ತೆ ಶುರುವಾದ ಗಣಿ ಕಂಡಾಗ ನನ್ನನ್ನು ಕಾಡುವುದು ಪಶ್ಚಿಮ ಘಟ್ಟದ ಕುದುರೆಮುಖ. ಶೋಲಾ ಕಾಡಿನ, ಹನುಮನಗುಂಡಿ ಮತ್ತು ಕದಂಬಿ ಜಲಪಾತಗಳ ಆ ಸೀಮೆ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಅಲ್ಲಿ ಅದಿರು ತೆಗೆಯುತ್ತಿದ್ದ ಸರ್ಕಾರಿ ಕಂಪನಿ ಕೆಐಒಸಿಎಲ್ ಅಲ್ಲಿಂದ ಎದ್ದು ನಮ್ಮ ಸಂಡೂರಿನ ದೇವದಾರಿ ಬೆಟ್ಟಕ್ಕೆ ಬಂತು. ಕೇಳಿದ್ದು 400 ಹೆಕ್ಟೇರ್ ದಾಟಿದ ಕಾಡು. ಅದರಲ್ಲಿ ಸುಮಾರು 99 ಸಾವಿರ ಮರ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರು ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು, ಅದೇ ತಿಂಗಳು ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರಿಸದಂತೆ ಸೂಚಿಸಿದರು.

ಸಚಿವರ ಸೂಚನೆ ಸರ್ಕಾರ ಬದಲಾದರೆ ಬದಲಾದೀತು. ಕುದುರೆಮುಖಕ್ಕೆ ಸಿಕ್ಕ ಕಾನೂನಿನ ರಕ್ಷಣೆಯೇ ದೇವದಾರಿಗೂ ಕುಮಾರಸ್ವಾಮಿ ಬೆಟ್ಟಕ್ಕೂ ಸಿಗಬೇಕು. ಹಂಪಿಗೆ ಬರುವವರೆಲ್ಲ ಒಂದು ದಿನ ಹೆಚ್ಚಿಗೆ ಇದ್ದು, ಮಳೆಗಾಲದ ಸಂಡೂರನ್ನೂ ನೋಡಿ ಹೋಗಿ. ನೋಡಿದ ಮೇಲೆ ಈ ರಕ್ಷಣೆಯನ್ನು ನೀವೂ ಕೇಳಿ.